ಮಿನೋಬೆಯ ಅಗಲಗಣ್ಣು

ನಮ್ಮ ಹಾಮಾಜಿ ಬಂದರಿನ ಪೇಟೆಬೀದಿಯಲ್ಲಿ ಫೋಟೋ ಸ್ಟುಡಿಯೋ ಎಂದು ಇದ್ದದ್ದು ಒಂದೇ, ಅದು ಮಿನೋಬೆ ತೊಕುಜಿಯದು. ಅದರ ಎದುರಿನ ಕ್ಷೌರದಂಗಡಿ ನನ್ನದು. ಊರಿನ ಮುಖಗಳನ್ನೆಲ್ಲ ನಾವಿಬ್ಬರೇ ನೋಡಿಕೊಳ್ಳುತ್ತಿದ್ದೆವು ಎನ್ನಬಹುದು. ನಾನು ಮುಖವನ್ನು ಬೋಳಿಸಿ ಚೊಕ್ಕಟ ಮಾಡಿ ಕಳಿಸುತ್ತಿದ್ದೆ, ಅವನು ಅದನ್ನು ನೀಲಿ ಪರದೆಯ ಮುಂದೆ ಕೂರಿಸಿ ಹಾಳು ಮಾಡುತ್ತಿದ್ದ. ಹೀಗೆ ಇಬ್ಬರ ಬಾಳೂ ಸುಸೂತ್ರವಾಗಿ ಸಾಗುತ್ತಿರಲು, ಮೂವತ್ತು ವರ್ಷಗಳ ಹಿಂದಿನ ಒಂದು ಅಕ್ಟೋಬರ್ ತಿಂಗಳಲ್ಲಿ ಮಿನೋಬೆಗೆ ಕಲೆ ಅಂಟಿಕೊಂಡಿತು.

ಹಿರೋಶಿಮಾದ ಯಾವುದೋ ಹಳೆ ಸಾಮಾನಿನ ಅಂಗಡಿಯಿಂದ ಅವನೊಂದು ವೈಡ್ ಆ್ಯಂಗಲ್ ಲೆನ್ಸ್ ತಂದ. ಮುಂದಿನ ಗಾಜು ಉಬ್ಬಿಕೊಂಡು, ಸತ್ತ ಮೀನೊಂದು ನಮ್ಮನ್ನೇ ನೋಡುತ್ತಿರುವ ಹಾಗಿತ್ತು. ಅದರ ಜೊತೆ ಒಂದು ಪುಸ್ತಕವೂ ಬಂದಿತ್ತು. ಮಿನೋಬೆ ಯಾವ ಪುಸ್ತಕವನ್ನೂ ಅರ್ಧಕ್ಕಿಂತ ಮುಂದೆ ಓದಿದವನಲ್ಲ. ಆದರೆ ಓದಿದ ಅರ್ಧವನ್ನು, ಪೂರ್ತಿ ಓದಿದವರೇ ನಾಚುವಷ್ಟು ಗಟ್ಟಿಯಾಗಿ ಹೇಳಬಲ್ಲವನಾಗಿದ್ದ.

"ನೋಡು ಕುರೆಮೊತೊ," ಎಂದು ನನ್ನ ಅಂಗಡಿಗೆ ಬಂದು ಭಾಷಣ ಶುರುಮಾಡಿದ. "ನೀಲಿ ಪರದೆ ಮುಂದೆ ಕೂತೋನು ಯಾರು ಬೇಕಾದ್ರೂ ಆಗಬಹುದು. ಮೀನಿನವನನ್ನ ಮೀನಿನ ಮಧ್ಯೆ ನಿಲ್ಲಿಸಿ ತೆಗೀಬೇಕು, ನಿನ್ನನ್ನ ಈ ಕುರ್ಚಿ ಕತ್ತರಿ ಮಧ್ಯೆ. ಮನುಷ್ಯನನ್ನ ಅವನ ಜಾಗದ ಸಮೇತ ಹಿಡೀಬೇಕು. ಇದಕ್ಕೆ ಈ ಲೆನ್ಸೇ ಸೈ. ಇದು ಸುಳ್ಳು ಹೇಳಲ್ಲ ಕಣಯ್ಯ. ಇರೋದನ್ನ ಇದ್ದ ಹಾಗೆ ತೋರಿಸಿಬಿಡುತ್ತೆ."

ಆ ಕೊನೆಯ ಮಾತನ್ನು ಅವನು ಬೋರ್ಡಿನ ಮೇಲೆ ಬರೆಸಿ ಸ್ಟುಡಿಯೋ ಮುಂದೆ ನೇತುಹಾಕಿದ. ಮುಂದಿನ ಅನಾಹುತಗಳಿಗೆಲ್ಲ ಆ ಬೋರ್ಡೇ ಮೂಲ.

ಮೊದಲ ಬಲಿ ನಾನು. ಕೈಯಲ್ಲಿ ಕತ್ತಿ ಹಿಡಿದು ಅಂಗಡಿಯ ಮೂಲೆಯಲ್ಲಿ ನಿಂತೆ, ಅವನು ನನ್ನ ಮೂಗಿನ ಹತ್ತಿರ ಬಂದು ಕ್ಲಿಕ್ಕಿಸಿದ. ಪ್ರಿಂಟ್ ಬಂದಾಗ ನನ್ನ ಅಂಗಡಿ ರೈಲ್ವೆ ನಿಲ್ದಾಣದಷ್ಟು ದೊಡ್ಡದಾಗಿತ್ತು. ಫೋಟೋದ ಒಂದು ತುದಿಯಲ್ಲಿ ಉದ್ದ ಸೋರೆಕಾಯಿಯಂಥ ತಲೆಯವನೊಬ್ಬ, ದೋಣಿಯ ಹುಟ್ಟಿನಷ್ಟು ದೊಡ್ಡ ಕತ್ತಿ ಹಿಡಿದು ನಿಂತಿದ್ದ. ನನ್ನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿ, "ಮದುವೆಗೆ ಮುಂಚೆ ಈ ಫೋಟೋ ತೋರಿಸಬೇಕಿತ್ತು" ಎಂದಳು.

ಎರಡನೆಯವನು ಮೀನಂಗಡಿಯ ನಾಗುಮೊ. ಕೆಂಪು ಮೀನೊಂದನ್ನು ಕ್ಯಾಮೆರಾದತ್ತ ಚಾಚಿ ನಿಂತ. ಫೋಟೋದಲ್ಲಿ ಅವನ ಕೈ ಬುಟ್ಟಿಯಷ್ಟು ಊದಿಕೊಂಡು, ತಲೆ ಅದರ ಹಿಂದೆ ಉಪ್ಪಿನಲ್ಲಿಟ್ಟ ಪ್ಲಮ್ ಹಣ್ಣಿನಷ್ಟಾಗಿತ್ತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದು ವಾರದೊಳಗೆ ನಾಗುಮೊನ ಅದೇ ಕೈಗೆ ಮೀನಿನ ಮುಳ್ಳು ಚುಚ್ಚಿ, ನಂಜಾಗಿ, ಕೈ ನಿಜಕ್ಕೂ ಊದಿಕೊಂಡಿತು. ಅವನು ಆ ಕೈಯನ್ನು ಫೋಟೋದ ಪಕ್ಕ ಹಿಡಿದು ನೋಡಿ, "ಬೋರ್ಡಲ್ಲಿ ಬರೆದಿದ್ದಾರಲ್ಲ, ಇದು ಸುಳ್ಳು ಹೇಳಲ್ಲ ಅಂತ" ಎಂದ. ಆಮೇಲೆ ಯಾರೂ ನಗಲಿಲ್ಲ. ಮಿನೋಬೆ ಕ್ಯಾಮೆರಾ ಹೆಗಲಿಗೇರಿಸಿ ಬೀದಿಗಿಳಿದರೆ ಜನ ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಆ ಕಡೆ ದಾಟತೊಡಗಿದರು.

ಇಂಥ ಹೊತ್ತಿನಲ್ಲಿ, ಒಂದು ಬುಧವಾರ, ಸ್ಟುಡಿಯೋದ ಬಾಗಿಲು ಸರಿಸಿ ಒಳಗೆ ಬಂದವರು ಕಿನು ಅಜ್ಜಿ. ಎಪ್ಪತ್ತೆಂಟು ವರ್ಷದ ಕಿನು ಅಜ್ಜಿ ಬೀದಿಯ ಕೊನೆಯ ಸಾರ್ವಜನಿಕ ಸ್ನಾನದ ಮನೆಯ ಒಡತಿ. ಐವತ್ತು ವರ್ಷ ಬಾಗಿಲ ಬಳಿಯ ಎತ್ತರದ ಪೀಠದ ಮೇಲೆ ಕೂತು, ಒಂದು ಪಕ್ಕ ಗಂಡಸರ ಕಡೆ, ಇನ್ನೊಂದು ಪಕ್ಕ ಹೆಂಗಸರ ಕಡೆ ಕಣ್ಣಿಟ್ಟು, ಎಲ್ಲರ ಬಟ್ಟೆ ಬುಟ್ಟಿ ಕಾದವರು. ಊರಿನ ಗಣ್ಯರಲ್ಲಿ ಯಾರಿಗೆ ಎಲ್ಲಿ ಮಚ್ಚೆಯಿದೆ ಎಂಬುದು ಅವರಿಗೆ ತಿಳಿದಿತ್ತು. ಹಾಗಾಗಿ ಅವರ ಮಾತಿಗೆ ಎದುರಾಡುವ ಗಣ್ಯರು ಯಾರೂ ಇರಲಿಲ್ಲ. ನಾನು ಅಲ್ಲೇ ಚಹ ಕುಡಿಯುತ್ತಾ ಕೂತಿದ್ದೆ.

"ಸೋಮವಾರ ಪಟ್ಟಣದ ದೊಡ್ಡಾಸ್ಪತ್ರೆಗೆ ಸೇರಬೇಕು," ಎಂದರು ಅಜ್ಜಿ. "ಎದೆ ಕೊಯ್ತಾರಂತೆ. ಕೊಯ್ಯದಿದ್ರೆ ಈ ಚಳಿಗಾಲ ದಾಟಲ್ಲ ಅಂದ್ರು ಡಾಕ್ಟ್ರು. ಸ್ನಾನದ ಮನೆ ನಾಳೆಗೇ ಮುಚ್ತೀನಿ. ಹೋಗೋ ಮುಂಚೆ ನಂಗೊಂದು ಫೋಟೋ ಬೇಕು, ತೊಕು."

"ಒಂದೂ ಇಲ್ವಾ ಅಜ್ಜಿ?"

"ಬಸ್ ಪಾಸಿಂದು ಒಂದಿದೆ. ಕಣ್ಣು ಮುಚ್ಚಿದೀನಿ. ಪಾಸಿಗೆ ನಡೆಯುತ್ತೆ, ಊದುಬತ್ತಿ ಮುಂದೆ ಇಡೋಕೆ ನಡೆಯಲ್ಲ. ನಾನೇನಾದ್ರೂ ಹೋಗಿಬಿಟ್ರೆ ಒಸಾಕಾದಿಂದ ಯಜಮಾನರ ಅಣ್ಣನ ಮಗ ಬರ್ತಾನೆ, ಅದನ್ನೇ ದೊಡ್ಡದು ಮಾಡಿಸಿ ಕಪ್ಪು ರಿಬ್ಬನ್ ಕಟ್ತಾನೆ. ಊರೋರೆಲ್ಲ ಬಂದು ತೂಕಡಿಸೋ ಮುದುಕಿಗೆ ಕೈ ಮುಗೀಬೇಕು. ಅದು ನಂಗಾಗಲ್ಲ. ನೆಟ್ಟಗಿನ ಫೋಟೋ ಸಿಗದೆ ನಾನು ಆಸ್ಪತ್ರೆ ಮೆಟ್ಟಲು ಹತ್ತಲ್ಲ."

ಅಜ್ಜಿ ಹೇಳಿದರೆ ಹೇಳಿದ ಹಾಗೆ.

"ಎರಡು ಮಾತು," ಎಂದರು ಅಜ್ಜಿ. "ನಾನು ನನ್ನ ಪೀಠದ ಮೇಲೇ ಕೂತಿರ್ತೀನಿ, ಎರಡೂ ಕಡೆ ಬುಟ್ಟಿಗಳು ಕಾಣಬೇಕು. ಆಮೇಲೆ, ನನ್ನ ಪಕ್ಕ ಯಾರೂ ಕೂರಬಾರದು. ಈ ಕಡೆ ಒಬ್ರು ಆ ಕಡೆ ಒಬ್ರು, ಅದೆಲ್ಲ ಬೇಡ್ವೇ ಬೇಡ."

ಅವರು ಹೋದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೂವರು ಸೇರಿ ಫೋಟೋ ತೆಗೆಸಿಕೊಂಡರೆ ನಡುವೆ ನಿಂತವರು ಮೊದಲು ಸಾಯುತ್ತಾರೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಪಾಪ, ಮುದುಕಿಗೆ ನಡುವಿನ ಭಯ," ಎಂದ ಮಿನೋಬೆ. ನಾನೂ ಹೌದೆಂದು ತಲೆಯಾಡಿಸಿದೆ. ನಾವಿಬ್ಬರೂ ಎಂಥ ದಡ್ಡರು ಎಂಬುದು ತಿಳಿಯಲು ಭಾನುವಾರದವರೆಗೆ ಕಾಯಬೇಕಾಯಿತು.

ಸುದ್ದಿ ಬೀದಿ ಸಂಘದ ಅಧ್ಯಕ್ಷ ಉಗಾಕಿಸಾನ್ ಕಿವಿಗೆ ಬಿತ್ತು. ಉಗಾಕಿಸಾನ್ ಅಕ್ಕಿ ವ್ಯಾಪಾರಿ, ಯಾರದೇ ಮದುವೆಯಾಗಲಿ ಸಾವಾಗಲಿ ತಾವು ಮುಂದಿನ ಸಾಲಿನಲ್ಲಿ ಇರಬೇಕೆನ್ನುವವರು. "ಸ್ನಾನದ ಮನೆ ಮುಚ್ಚೋ ದಿನ ಸಂಘದ ಒಂದು ನೆನಪಿನ ಫೋಟೋ ಆಗಲೇಬೇಕು," ಎಂದು ಅವರು ತೀರ್ಪು ಕೊಟ್ಟರು. "ಅಜ್ಜಿ ಹಿಂದೆ ಪೀಠದ ಮೇಲಿರಲಿ, ನಾವು ಮುಂದೆ ಕೂರೋಣ. ಒಂದೇ ಏಟಿಗೆ ಎರಡೂ ಮುಗೀತು. ನಿನ್ನ ಲೆನ್ಸಲ್ಲಿ ಎಲ್ಲರಿಗೂ ಜಾಗ ಇದೆಯಲ್ಲ?"

"ಊರಿಗೆ ಊರೇ ಹಿಡಿಯುತ್ತೆ," ಎಂದ ಮಿನೋಬೆ.

ಗುರುವಾರ ಮಧ್ಯಾಹ್ನ ಎರಡು ಗಂಟೆ. ಗಂಡಸರ ಕಡೆ ಹೆಂಗಸರ ಕಡೆ ನಡುವಿನ ಹಲಗೆಯ ತಡಿಕೆಯನ್ನು ಕೊನೆಯ ದಿನವೆಂದು ಕಳಚಿಟ್ಟಿದ್ದರು. ಐವತ್ತು ವರ್ಷದಲ್ಲಿ ಮೊದಲ ಸಲ ಎರಡೂ ಕಡೆ ಒಂದಾಗಿತ್ತು. ಅದನ್ನು ನೋಡಿಯೇ ನನಗೆ ಮೈ ಒಂದು ಥರ ಆಯಿತು. ಸಂಘದ ಏಳು ಜನಕ್ಕೆ ಏಳು ಕುರ್ಚಿ ಸಾಲಾಗಿ ಹಾಕಿದ್ದರು. ಏಳು ಎಂದ ಮೇಲೆ ನಾಲ್ಕನೆಯದು ನಡುವಿನದು.

"ಅಧ್ಯಕ್ಷರು ಮಧ್ಯದಲ್ಲಿ ಕೂರಬೇಕು," ಎಂದ ನಾಗುಮೊ, ಬ್ಯಾಂಡೇಜ್ ಸುತ್ತಿದ ಕೈಯಿಂದ ದಾರಿ ತೋರಿಸುತ್ತಾ.

"ಛೆ ಛೆ, ನಾನು ಸೇವಕ. ತುದಿಯಲ್ಲಿರ್ತೀನಿ," ಎಂದು ಉಗಾಕಿಸಾನ್ ವಿನಯದಿಂದ ತುದಿಯ ಕುರ್ಚಿಗೆ ಹೋದರು. ಅಲ್ಲಿ ಕೂತಿದ್ದ ನನ್ನ ಮುಖ ನೋಡಿದೊಡನೆ ನನ್ನ ಸೋರೆಕಾಯಿ ಫೋಟೋ ಅವರಿಗೆ ನೆನಪಾಗಿರಬೇಕು. "ತುದಿಯಲ್ಲಿ ಗಾಳಿ ಜಾಸ್ತಿ," ಎಂದು ಹಿಂದೆ ಸರಿದರು. "ತುದಿಯಿಂದ ಎರಡನೇದು ಆರೋಗ್ಯಕ್ಕೆ ಒಳ್ಳೇದು."

ಹೀಗೆ ನಡುವೆ ಕೂತರೆ ಸಾವು, ತುದಿಯಲ್ಲಿ ಕೂತರೆ ಸೋರೆಕಾಯಿ ಎಂದಾಯಿತು. ಏಳು ಜನಕ್ಕೂ ತುದಿಯಿಂದ ಎರಡನೆಯ ಕುರ್ಚಿಯೇ ಬೇಕಾಯಿತು. ಅಂಥ ಕುರ್ಚಿಗಳು ಇದ್ದದ್ದು ಎರಡು. ಮೂವತ್ತು ವರ್ಷದಿಂದ ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಟ್ಟವರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಳ್ಳಾಡತೊಡಗಿದರು.

ಕೊನೆಗೆ ಮಿನೋಬೆಯ ಹೆಂಡತಿ ಸಾಎ ದಾರಿ ತೋರಿಸಿದಳು. ಇಂಥ ಕಡೆ ಗೊಂಬೆಯೊಂದನ್ನು ಸೇರಿಸಿ ಲೆಕ್ಕವನ್ನು ಸಮ ಮಾಡುವುದು ಹಳಬರ ಪದ್ಧತಿ. ಅಜ್ಜಿಯ ಪೀಠದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗೊಂಬೆಯಿತ್ತು. ಎರಡು ಗೇಣು ಎತ್ತರ, ಕೆಂಪು ಕಿಮೊನೊ, ಬಿಳಿ ಮುಖ, ನಿಜವಾದ ಮನುಷ್ಯರ ಕೂದಲು. ಕುರ್ಚಿಯ ಮೇಲಿಟ್ಟರೆ ಅದು ನಾಗುಮೊನ ಹೊಟ್ಟೆಯ ಮರೆಗೆ ಹೋಗುತ್ತಿತ್ತು. ಆದ್ದರಿಂದ ನಡುವಿನ ಕುರ್ಚಿಯನ್ನು ಒಂದು ತುದಿಗೆ ಸರಿಸಿ, ಸಾಲಿನ ಮುಂದೆ ಕ್ಯಾಮೆರಾದಿಂದ ಒಂದು ಮಾರು ದೂರದಲ್ಲಿದ್ದ ತೂಕದ ಯಂತ್ರದ ಮೇಲೆ ಗೊಂಬೆಯನ್ನು ನಿಲ್ಲಿಸಿದರು. ಪೀಠದ ಮೇಲಿನ ಅಜ್ಜಿಯನ್ನು ಬಿಟ್ಟು ಏಳು ಜನ, ಒಂದು ಗೊಂಬೆ, ಒಟ್ಟು ಎಂಟು. ಎಂಟಕ್ಕೆ ನಡುವಿಲ್ಲ. ಎಲ್ಲರೂ ಗೊಂಬೆಯಿಂದ ಆದಷ್ಟು ದೂರ, ಎಡಕ್ಕೂ ಬಲಕ್ಕೂ ಒತ್ತರಿಸಿಕೊಂಡು ಕೂತರು.

"ಅಜ್ಜೀ, ಇಳಿದು ನಮ್ಮ ಹತ್ರಾನೇ ಬನ್ನಿ," ಎಂದರು ಉಗಾಕಿಸಾನ್.

"ನಾನು ಯಾರ ಹತ್ರಾನೂ ಬರಲ್ಲ," ಎಂದರು ಅಜ್ಜಿ ಪೀಠದ ಮೇಲಿನಿಂದ. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾರನೆಯ ದಿನ, ಶುಕ್ರವಾರ, ಅಜ್ಜಿ ಸಾಮಾನು ಹಂಚಿದರು. ಚೊಂಬು, ಮಣೆ, ಗೋಡೆ ಗಡಿಯಾರ ಯಾರು ಯಾರಿಗೋ ಹೋದವು. ನನ್ನ ಪಾಲಿನ ಕನ್ನಡಿಯನ್ನು ಹೊತ್ತುಕೊಂಡು ಮಧ್ಯಾಹ್ನ ಮನೆಗೆ ಬರುತ್ತಿದ್ದೆ. ಸ್ಟುಡಿಯೋದ ಷೋಕೇಸ್ ಮುಂದೆ ಗುಂಪು ಕೂಡಿತ್ತು. ಕನ್ನಡಿಯನ್ನು ಅಂಗಡಿಯೊಳಗಿಟ್ಟು ಬಂದು ಇಣುಕಿದೆ.

ಗುರುವಾರದ ಫೋಟೋ ಅದು. ಎಡಬಲಗಳಲ್ಲಿ ನಾವು ಏಳು ಜನ, ಕಾದ ಮೇಣದ ಹಾಗೆ ಅಂಚಿನ ಕಡೆಗೆ ಜಾರಿಹೋಗಿದ್ದೆವು. ಉಗಾಕಿಸಾನ್ ತಲೆ ಅವರ ಹೆಗಲಿಗಿಂತ ಅಗಲವಾಗಿತ್ತು. ಎಲ್ಲರ ನಡುವೆ, ಎಲ್ಲರಿಗಿಂತ ಎತ್ತರವಾಗಿ, ಕೆಂಪು ಕಿಮೊನೊದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಮುಖದಲ್ಲಿ ಒಂದು ಕೂದಲೆಳೆಯಷ್ಟು ಸೊಟ್ಟವಿಲ್ಲ. ಇಡೀ ಫೋಟೋದಲ್ಲಿ ಮನುಷ್ಯರ ಹಾಗಿದ್ದವಳು ಅವಳೊಬ್ಬಳೇ. ಕಿನು ಅಜ್ಜಿಯನ್ನು ಹುಡುಕಿದೆ. ಅವರು ದೂರದಲ್ಲಿ ಹೆಬ್ಬೆರಳುಗುರಿನಷ್ಟಾಗಿ, ಆ ಹುಡುಗಿಯ ತಲೆಗೆ ಸಿಕ್ಕಿಸಿದ ಪಿನ್ನಿನ ಹಾಗೆ ಕಾಣುತ್ತಿದ್ದರು.

"ಗೊಂಬೆ ಬೆಳೆದಿದೆ," ಎಂದರು ಉಗಾಕಿಸಾನ್ ನಿಧಾನವಾಗಿ. "ಅಜ್ಜಿ ಕುಗ್ಗಿದಾರೆ. ಇದು ಅವರನ್ನ ಕುಡೀತಿದೆ."

"ನಾಡಿದ್ದು ಕಳೆದ್ರೆ ಆಪರೇಷನ್ನಿಗೆ ಹೋಗಬೇಕಲ್ಲಪ್ಪಾ ಆ ಮುದುಕಿ," ಎಂದ ನಾಗುಮೊ, ತನ್ನ ಕೈ ನೋಡಿಕೊಳ್ಳುತ್ತಾ.

ಎಲ್ಲರೂ ಮಿನೋಬೆಯತ್ತ ತಿರುಗಿದರು. ಹತ್ತಿರವಿದ್ದದ್ದು ದೊಡ್ಡದಾಗಿ, ದೂರವಿದ್ದದ್ದು ಚಿಕ್ಕದಾಗಿ ಬಿದ್ದಿದೆ, ಇಷ್ಟೇ ವಿಷಯ ಎಂದು ಅವನು ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಆದರೆ ಅವನ ತಲೆಯ ಮೇಲೆ ಬೋರ್ಡ್ ನೇತಾಡುತ್ತಿತ್ತು. ಅವನು ಬೋರ್ಡನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. "ಲೆನ್ಸು ಸುಳ್ಳು ಹೇಳಲ್ಲ," ಎಂದು ಕ್ಷೀಣ ದನಿಯಲ್ಲಿ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಶನಿವಾರ ಬೆಳಗ್ಗೆ ಪೊಲೀಸ್ ಚೌಕಿಯ ನಾಗೊಶಿ ಬಂದರು. ಊರಿಗೆ ಹೊಸಬರು, ಮನೆ ಮನೆಗೂ ಹೋಗಿ ಯಾರು ಯಾರಿದ್ದಾರೆಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುವ ಕೆಲಸವನ್ನು ದೇವರ ಕೆಲಸವೆಂದು ಮಾಡುವವರು. ಗೊಂಬೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಸ್ಟುಡಿಯೋದಲ್ಲಿ ನಾನಿದ್ದೆ, ಉಗಾಕಿಸಾನ್ ಇದ್ದರು, ಆದರೆ ಅವರು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ.

"ಷೋಕೇಸಿನ ಫೋಟೋದಲ್ಲಿ ಒಂದು ಹೆಣ್ಣು ಮಗು ಇದೆ," ಎಂದರು ನಾಗೊಶಿ. "ಈ ಬೀದಿಯ ರಿಜಿಸ್ಟರಿನಲ್ಲಿ ಆ ವಯಸ್ಸಿನ ಮಗು ಇಲ್ಲ. ಯಾರ ಮಗು?"

ಮಿನೋಬೆ ಬೆವರಿದ. "ಅದು... ಸಂಬಂಧಿಕರದ್ದು ಸಾರ್."

"ಹೆಸರು?"

"ಇನ್ನೂ ಇಟ್ಟಿಲ್ಲ."

"ಹತ್ತು ವರ್ಷದ ಮಗುಗೆ ಹೆಸರಿಟ್ಟಿಲ್ವಾ? ಯಾವ ಶಾಲೆ?"

"ಶಾಲೆಗೆ ಹೋಗಲ್ಲ ಸಾರ್. ಪೆಟ್ಟಿಗೆಯಲ್ಲೇ ಇರುತ್ತೆ."

ನಾಗೊಶಿಯವರ ಪೆನ್ಸಿಲ್ ನಿಂತಿತು. "ಪೆಟ್ಟಿಗೆಯಲ್ಲಿ?"

"ಗಾಜಿಂದು ಸಾರ್! ಬೆಳಕು ಚೆನ್ನಾಗಿ ಬರುತ್ತೆ!"

ನಾಗೊಶಿ ಭೂತಗನ್ನಡಿ ಹೊರತೆಗೆದು ಪ್ರಿಂಟಿನ ಮೇಲೆ ಬಗ್ಗಿದರು. ಮುಖ ನೋಡಿದರು, ಕೈ ನೋಡಿದರು, ಕಾಲಿಗೆ ಬಂದರು. ಅಲ್ಲಿ ಬಹಳ ಹೊತ್ತು ನಿಂತರು.

"ಮಗು ತೂಕದ ಯಂತ್ರದ ಮೇಲೆ ನಿಂತಿದೆ," ಎಂದರು ಅವರು ಕೊನೆಗೆ. ದನಿ ಬದಲಾಗಿತ್ತು. "ಮುಳ್ಳು ಸೊನ್ನೆಯಲ್ಲಿದೆ."

ತೂಕವಿಲ್ಲದ ಮಗುವನ್ನು ರಿಜಿಸ್ಟರಿನ ಯಾವ ಕಾಲಮಿನಲ್ಲಿ ಬರೆಯಬೇಕೆಂದು ಇಲಾಖೆಯವರು ಅವರಿಗೆ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಬಾಗಿಲು ತಾನಾಗಿಯೇ ಎಂಬಂತೆ ಸರಿಯಿತು. ಉಗಾಕಿಸಾನ್ ಕಿಟಾರನೆ ಕಿರುಚಿ ನೀಲಿ ಪರದೆಯ ಹಿಂದೆ ಸೇರಿಕೊಂಡರು. ಬಾಗಿಲಲ್ಲಿ ನಿಂತಿದ್ದವರು ಕಿನು ಅಜ್ಜಿ. ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ಅದನ್ನು ಮೇಜಿನ ಮೇಲೆ ಬಿಚ್ಚಿ ಗೊಂಬೆಯನ್ನು ನಿಲ್ಲಿಸಿದರು.

"ತಗೊಳ್ಳಿ, ವಿಚಾರಣೆ ಮಾಡಿ," ಎಂದರು.

ನಾಗೊಶಿ ಗೊಂಬೆ ನೋಡಿದರು, ಫೋಟೋ ನೋಡಿದರು, ಮಿನೋಬೆಯನ್ನು ನೋಡಿದರು. ಮಿನೋಬೆ ನೆಲಕ್ಕೆ ಹಣೆ ಹಚ್ಚಿದ.

"ತಪ್ಪಾಯ್ತು. ಕ್ಯಾಮೆರಾ ಮೂಗಿಗೆ ಹತ್ರ ಇಟ್ಟಿದ್ದೆಲ್ಲ ದೊಡ್ಡದಾಗುತ್ತೆ, ದೂರದ್ದು ಚಿಕ್ಕದಾಗುತ್ತೆ, ಅಂಚಿಗೆ ಹೋದೋರು ಎಳೆದುಕೊಂಡು ಹೋಗ್ತಾರೆ. ಲೆನ್ಸಿಂದು ತಪ್ಪಲ್ಲ, ನಾನು ನಿಂತ ಜಾಗದ್ದು. ಪುಸ್ತಕದ ದ್ವಿತೀಯಾರ್ಧದಲ್ಲಿ ಬರೆದಿದ್ದಾರಂತೆ. ನಿನ್ನೆ ಸಾಎ ಓದಿ ಹೇಳಿದಳು."

"ಮೊನ್ನೆಯಿಂದ ಹೇಳ್ತಿದೀನಿ," ಎಂದಳು ಸಾಎ ಒಳಗಿನಿಂದ.

ನಾಗೊಶಿ ರಿಜಿಸ್ಟರಿನಲ್ಲಿ 'ಮಗು ಅಲ್ಲ' ಎಂದು ಬರೆದು, ಗೊಂಬೆಗೂ ಒಂದು ಸಲ ತಲೆಬಾಗಿ ಹೊರಟುಹೋದರು. ಅಜ್ಜಿ ಮಾತ್ರ ಹೋಗಲಿಲ್ಲ. ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿದರು.

"ನನ್ನ ಮುಖ ಎಲ್ಲಿದೆ ತೊಕು?"

ಮಿನೋಬೆ ಬೆರಳು ಇಟ್ಟು ತೋರಿಸಿದ. ಅವನ ಉಗುರಿನಡಿ ಅಜ್ಜಿ ಪೂರ್ತಿ ಮುಚ್ಚಿಹೋದರು.

"ಹೋಗಲಿ ಬಿಡು," ಎಂದರು ಅವರು. ಗೊಂಬೆಯನ್ನು ಮತ್ತೆ ಗಂಟು ಕಟ್ಟತೊಡಗಿದರು. "ಆಸ್ಪತ್ರೆಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡ್ತೀನಿ. ಚಳಿಗಾಲ ಎಷ್ಟು ದಿನ ಇರುತ್ತೋ ಅಷ್ಟು ದಿನ."

ಮಿನೋಬೆಯ ಕಣ್ಣು ತುಂಬಿಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಆಗ ಸಾಎ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು. "ಅಳೋದು ಆಮೇಲೆ ಅಳಿ. ಇಲ್ಲಿ ನೋಡಿ. ಬೇಕಾದೋರನ್ನ ಚಿತ್ರದ ನಡುವೆ ಇಡಬೇಕು. ಕ್ಯಾಮೆರಾ ಅವರ ಎದೆ ಮಟ್ಟಕ್ಕಿರಬೇಕು, ಮೇಲಕ್ಕೆ ಕೆಳಕ್ಕೆ ಬಗ್ಗಿಸಬಾರದು. ಎರಡೂ ಕಡೆ ಬುಟ್ಟಿಗಳು ಹಿಡಿಯೋಕೆ ಆಗೋವಷ್ಟು ಹಿಂದೆ ಹೋಗಬೇಕು, ಚಿಕ್ಕದಾಗಿ ಬಿದ್ರೆ ಪ್ರಿಂಟಲ್ಲಿ ದೊಡ್ಡದು ಮಾಡಬಹುದು. ಅಂಚಲ್ಲಿ ಮನುಷ್ಯರು ಇರಬಾರದು. ಅಜ್ಜಿ ಒಬ್ರೇ ಕೂರಲಿ. ಒಬ್ರೇ ಕೂತ್ರೆ ನಡುವಿನೋರು ಅನ್ನೋ ಮಾತೆಲ್ಲಿಂದ ಬರುತ್ತೆ?"

ಅಜ್ಜಿ ಗಂಟು ಕಟ್ಟುವುದನ್ನು ನಿಲ್ಲಿಸಿದರು. "ಹಾಗಾದ್ರೆ ಒಲೆ ಹಚ್ತೀನಿ. ತಣ್ಣಗಿರೋ ಸ್ನಾನದ ಮನೇಲಿ ಕೂತ್ರೆ ಅದು ನಾನಲ್ಲ."

ಶನಿವಾರ ಮಧ್ಯಾಹ್ನ ಸ್ನಾನದ ಮನೆಯ ಚಿಮಣಿಯಲ್ಲಿ ಕೊನೆಯ ಸಲ ಹೊಗೆ ಎದ್ದಿತು. ಅಜ್ಜಿ ಬೂದು ಬಣ್ಣದ ಕಿಮೊನೊ ಉಟ್ಟು ಪೀಠವೇರಿದರು. ಮಿನೋಬೆ ಹಿಂದೆ ಸರಿದ. ಬಟ್ಟೆ ಬಿಚ್ಚುವ ಕೋಣೆ ಮುಗಿಯಿತು, ಇನ್ನೂ ಹಿಂದೆ ಹೋಗಬೇಕಿತ್ತು. ಗಾಜಿನ ಬಾಗಿಲು ಕಳಚಿದೆವು. ಸ್ನಾನದ ಕೋಣೆ ಮುಗಿಯಿತು, ಇನ್ನೂ ಹಿಂದೆ ಹೋಗಬೇಕಿತ್ತು. ಕೊನೆಗೆ ಉಳಿದದ್ದು ಬಿಸಿನೀರಿನ ತೊಟ್ಟಿ.

ಕಲೆಗಾಗಿ ಜೀವ ಕೊಟ್ಟವರ ಕಥೆಗಳನ್ನು ಕೇಳಿದ್ದೇನೆ. ಕಲೆಗಾಗಿ ತೊಡೆಯವರೆಗೆ ಬೆಂದವನನ್ನು ನೋಡಿದ್ದು ಅಂದೇ. ಮಿನೋಬೆ ಪ್ಯಾಂಟ್ ಕಳಚಿ, ಚಡ್ಡಿಯಲ್ಲಿ, ಕುದಿಯುವ ನೀರಿಗಿಳಿದು ನಿಂತ. ಸ್ಟ್ಯಾಂಡನ್ನು ನೀರಿನಲ್ಲೇ ನೆಟ್ಟೆವು. ಅಜ್ಜಿಯ ಎದೆ ಮಟ್ಟ ಸಿಗಲು ಕೆಳಗೆ ಕವುಚಿ ಹಾಕಿದ ಬೋಗುಣಿಗಳನ್ನಿಟ್ಟೆವು. ಅವು ತೇಲದಂತೆ ತಡೆಯಲು ನಾನೂ ನೀರಿಗಿಳಿದು ಒತ್ತಿ ಹಿಡಿಯಬೇಕಾಯಿತು.

"ಅಜ್ಜೀ, ಸ್ವಲ್ಪ ನಗಿ!" ಎಂದು ಮಿನೋಬೆ ಹಲ್ಲು ಕಚ್ಚಿಕೊಂಡು ಕೂಗಿದ.

"ಮುದುಕಿಯರು ನಗೋ ಫೋಟೋ ಅಲ್ಲ ಇದು. ಬೇಗ ತೆಗಿ, ಬೆಂದು ಹೋಗ್ತೀಯಾ!"

ಉಗಿ ದಟ್ಟವಾಗಿತ್ತು. ಗೋಡೆಗಳೂ ಕಾಣುತ್ತಿರಲಿಲ್ಲ, ಪೀಠವೂ ಅದರ ಮೇಲೊಂದು ಬೂದು ನೆರಳೂ ಮಾತ್ರ. ಅವನು ಲೆನ್ಸನ್ನು ಒರೆಸುತ್ತಾ ಒರೆಸುತ್ತಾ ಹನ್ನೆರಡು ಸಲ ಒತ್ತಿದ. ಹೊರಗೆ ಬಂದಾಗ ನಮ್ಮಿಬ್ಬರ ಕಾಲುಗಳೂ ಬೇಯಿಸಿದ ಆಕ್ಟೋಪಸ್ಸಿನ ಬಣ್ಣಕ್ಕೆ ತಿರುಗಿದ್ದವು.

ಭಾನುವಾರ ಬೆಳಗ್ಗೆ ಅವನು ನನ್ನನ್ನು ಕರೆದ. ಡಾರ್ಕ್ ರೂಮಿನ ಬಾಗಿಲಿಗೆ ಆತುಕೊಂಡು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಹನ್ನೊಂದು ಫೋಟೋಗಳಲ್ಲಿ ಬರೀ ಉಗಿ. ಹನ್ನೆರಡನೆಯದು ಕನ್ನಡಿಯಷ್ಟು ತಿಳಿಯಾಗಿತ್ತು. ನಡುವೆ ಪೀಠದ ಮೇಲೆ ಕಿನು ಅಜ್ಜಿ, ನೆಟ್ಟಗೆ, ಕಣ್ಣು ತೆರೆದು, ಒಂದಿಷ್ಟೂ ಸೊಟ್ಟವಿಲ್ಲದೆ. ಎಡಬಲಗಳಲ್ಲಿ ಬುಟ್ಟಿಗಳ ಸಾಲು. ಎಡ ಅಂಚಿನಲ್ಲಿ, ಬುಟ್ಟಿಗಳಾಚೆ, ಬೂದು ಕಿಮೊನೊದ ಉದ್ದ ಮುಖದ ಹೆಂಗಸೊಬ್ಬಳು ಕೂತಿದ್ದಳು. ಬಲ ಅಂಚಿನಲ್ಲಿ ಅಗಲ ಕೆನ್ನೆಯ ಇನ್ನೊಬ್ಬಳು ಕೂತಿದ್ದಳು. ಅಜ್ಜಿ ನಕ್ಕಿರಲಿಲ್ಲ. ಬಲಗಡೆಯವಳು ತುಸು ನಗುತ್ತಿದ್ದಳು.

"ಮೂವರು," ಎಂದ ಮಿನೋಬೆ. "ಅಜ್ಜಿ ನಡುವೆ."

ಸ್ವಲ್ಪ ಹೊತ್ತಿನ ಮೇಲೆ ಅವನೇ ಹಣೆ ಬಡಿದುಕೊಂಡ. "ಕನ್ನಡಿ ಕಣಯ್ಯ! ಎರಡೂ ಗೋಡೇಲಿ ಕನ್ನಡಿ ಇದೆಯಲ್ಲ, ಅದರಲ್ಲಿ ಬಿದ್ದಿರೋದು! ಅಂಚಿಗೆ ಸಿಕ್ಕಿ ಮುಖ ಎಳ್ಕೊಂಡಿದೆ, ಒಂದು ಉದ್ದಕ್ಕೆ, ಒಂದು ಅಗಲಕ್ಕೆ. ಬಾಯಿನೂ ಹಿಗ್ಗಿ ನಕ್ಕ ಹಾಗಿದೆ. ಅಷ್ಟೇ!"

ನಾನು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. "ಕತ್ತರಿ ಕೊಡು, ಅಂಚು ಕತ್ತರಿಸಿಬಿಡೋಣ," ಎಂದಷ್ಟೇ ಅಂದೆ.

ಕತ್ತರಿ ಕಾಗದಕ್ಕೆ ತಾಗುವಷ್ಟರಲ್ಲಿ ಅಜ್ಜಿ ಒಳಗೆ ಬಂದರು, ನನ್ನ ಕೈಯಿಂದ ಪ್ರಿಂಟನ್ನು ಎಳೆದುಕೊಂಡು ಕಿಟಕಿಯ ಹತ್ತಿರ ಹೋದರು. ನಾವು ಬೈಗುಳಕ್ಕೆ ಕಾದೆವು. ಬೈಗುಳ ಬರಲಿಲ್ಲ. ಕಿಮೊನೊದ ತೋಳಿನ ಒಳಗಿಂದ ಹಳದಿ ಬಣ್ಣಕ್ಕೆ ತಿರುಗಿದ ಒಂದು ಪುಟ್ಟ ಫೋಟೋ ತೆಗೆದು ಪಕ್ಕದಲ್ಲಿಟ್ಟರು. ಸ್ನಾನದ ಮನೆಯ ಮುಂದೆ ಮೂರು ಹುಡುಗಿಯರು. ಎಡಗಡೆ ಉದ್ದ ಮುಖದವಳು, ಬಲಗಡೆ ಕೆನ್ನೆ ಉಬ್ಬಿದ ನಗುಮುಖದವಳು. ನಡುವೆ, ಹದಿನೆಂಟರ ಕಿನು.

"ಇಸೊ ಅಕ್ಕ," ಎಂದರು ಅಜ್ಜಿ ಬೆರಳಿಟ್ಟು. "ಇವಳು ತೊಮಿ, ನನ್ನ ತಂಗಿ. ನಡುವೆ ಕೂತೋಳು ನಾನು, ಮೊದಲು ಹೋಗಬೇಕಾದೋಳು. ಊರೋರೆಲ್ಲ ನನ್ನ ಮುಖ ನೋಡ್ತಾ ಕಾದ್ರು. ಎರಡು ವರ್ಷಕ್ಕೆ ಅಕ್ಕ ಹೋದಳು. ಅದರ ಮಾರನೇ ವರ್ಷ ತೊಮಿ. ಆಮೇಲೆ ಯಜಮಾನರ ಜೊತೇಲೂ ನಾನು ಫೋಟೋಗೆ ಕೂರಲಿಲ್ಲ. ನಂಗೇನಾದ್ರೂ ಆಗುತ್ತೆ ಅಂತಲ್ಲ ಕಣಪ್ಪಾ. ನನ್ನ ಪಕ್ಕ ಕೂತೋರಿಗೆ ಆಗುತ್ತೆ ಅಂತ."

ಅರವತ್ತು ವರ್ಷ. ನಮ್ಮನ್ನೆಲ್ಲ ಕಾಯಲು ಆ ಹೆಂಗಸು ಅರವತ್ತು ವರ್ಷ ಫೋಟೋಗೆ ಯಾರ ಪಕ್ಕದಲ್ಲೂ ಕೂರದೆ ಒಂಟಿಯಾಗಿ ಉಳಿದಿದ್ದರು, ನಾವು ಅದನ್ನು ಮುದುಕಿಯ ಪುಕ್ಕಲುತನ ಎಂದುಕೊಂಡಿದ್ದೆವು. ನನಗೆ ನಾಚಿಕೆಯಾಯಿತು.

"ಅಜ್ಜೀ, ಅಂಚು ಕತ್ತರಿಸಿ ಕೊಡ್ತೀನಿ," ಎಂದು ಮಿನೋಬೆ ತೊದಲಿದ.

"ಕೈ ಕತ್ತರಿಸ್ತೀನಿ, ಮುಟ್ಟಿದ್ರೆ," ಎಂದರು ಅಜ್ಜಿ. ಪ್ರಿಂಟನ್ನು ಎದೆಗೊತ್ತಿಕೊಂಡರು. "ಈಗ ಪಕ್ಕದಲ್ಲಿರೋರಿಗೆ ಏನೂ ಆಗೋ ಹಾಗಿಲ್ಲ."

ಸೋಮವಾರ ಬೆಳಗ್ಗಿನ ಬಸ್ಸಿಗೆ ಅವರು ಪಟ್ಟಣಕ್ಕೆ ಹೋದರು. ಮಾರ್ಚ್ ತಿಂಗಳಲ್ಲಿ ಅದೇ ಬಸ್ಸಿನಲ್ಲಿ, ಅದೇ ಕಣ್ಣುಮುಚ್ಚಿದ ಪಾಸು ತೋರಿಸಿ, ತಿರುಗಿ ಬಂದರು. ಆಮೇಲೆ ಹದಿಮೂರು ವರ್ಷ ಬದುಕಿದರು. ಊದುಬತ್ತಿಯ ಹಿಂದೆ ಆ ಮೂವರ ಫೋಟೋವನ್ನೇ ಇಟ್ಟರು. ಕೈ ಮುಗಿಯಲು ಬಂದವರಿಗೆಲ್ಲ ಮಿನೋಬೆ ಎರಡು ಕನ್ನಡಿಗಳ ಲೆಕ್ಕವನ್ನು ಕೋನಗಳ ಸಮೇತ ವಿವರಿಸಿದ. ಇಂದಿಗೂ ವಿವರಿಸುತ್ತಾನೆ. ನಾನು ತಡೆಯುವುದಿಲ್ಲ.

ಗಂಡಸರ ಕಡೆಯ ಕನ್ನಡಿ ಗೋಡೆಗೆ ಕಟ್ಟಿದ್ದು, ಅದು ಅಲ್ಲೇ ಇತ್ತು. ಹೆಂಗಸರ ಕಡೆಯದು ಮೊಳೆಗೆ ತೂಗುಹಾಕಿದ್ದು. ಅದನ್ನೇ ನಾನು ಶುಕ್ರವಾರ ಮಧ್ಯಾಹ್ನ ಹೆಗಲ ಮೇಲೆ ಹೊತ್ತು ತಂದದ್ದು. ಮಿನೋಬೆ ಫೋಟೋ ತೆಗೆದದ್ದು ಶನಿವಾರ. ಅಂದು, ಫೋಟೋದ ಬಲ ಅಂಚಿಗೆ ಬೀಳುವ ಆ ಗೋಡೆಯಲ್ಲಿ, ಇದ್ದದ್ದು ಎರಡು ಮೊಳೆ ಮಾತ್ರ.

ಇದನ್ನು ನಾನು ಒಬ್ಬರಿಗೆ ಮಾತ್ರ ಹೇಳಲು ಹೊರಟಿದ್ದೆ. ಆಸ್ಪತ್ರೆಯಿಂದ ಬಂದ ವಾರ ಅಜ್ಜಿ ಮುಖದ ನವಿರು ತೆಗೆಸಲು ನನ್ನ ಅಂಗಡಿಗೆ ಬಂದು, ಆ ಕನ್ನಡಿಯ ಮುಂದೆಯೇ ಕೂತರು. ನಾನು ಅವರ ಬಲಗಡೆ ನಿಂತು ನೊರೆ ಹಚ್ಚಿದೆ.

"ಅಜ್ಜೀ, ಈ ಕನ್ನಡಿ ವಿಷಯ ಒಂದು..."

"ಅದನ್ನ ಯಾರಿಗೆ ಯಾವತ್ತು ಕೊಟ್ಟೆ ಅಂತ ನಂಗೆ ಗೊತ್ತಿಲ್ವೇನೋ, ಪೆದ್ದ," ಎಂದರು ಅಜ್ಜಿ. ಕನ್ನಡಿಯೊಳಗೆ ನೋಡುತ್ತಾ ಕೈಯಿಂದ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. "ಆ ಕಡೆ ಬಂದು ಬೋಳಿಸು. ಅವಳಿಗೆ ಅಡ್ಡ ನಿಂತಿದೀಯಾ."

ಅಂದಿನಿಂದ ಆ ಕುರ್ಚಿಯಲ್ಲಿ ಯಾರೇ ಕೂತರೂ ನಾನು ಎಡಗಡೆ ನಿಂತೇ ಕತ್ತಿ ಹಿಡಿಯುತ್ತೇನೆ. ಬಲಗಡೆ ಜಾಗ ಬಿಟ್ಟಿರುತ್ತೇನೆ.